ಎಳೆಯ ಕಾಲಿಗೆ ಎಂಥ ಅವಸರ?

ನಮ್ಮ ಓಣಿಯಲ್ಲಿ ನಸುಕಿನ ಐದೂವರೆಗೆ ಎರಡು ಸಪ್ಪಳ ಕೇಳಿಸುತ್ತಿದ್ದವು. ಒಂದು ಹಾಲಿನವನ ಗಾಡಿಯದು. ಇನ್ನೊಂದು ಮೋಟರ್ ಸೈಕಲ್ಲಿನದು, ಅದರ ಜೊತೆಗೆ ಸರಪಳಿ ಅಲುಗುವ ಸದ್ದು. 2023ರ ಜೂನ್ ತಿಂಗಳ ಮಾತು ಇದು. ಗಾಡಿಯ ಮೇಲೆ ಕೂತವನು ನನ್ನ ಕೈಯಲ್ಲಿ ಕಲಿತು ಹತ್ತನೆಯ ತರಗತಿ ಪಾಸಾಗಿ ಹೋದ ಹುಡುಗ. ಸರಪಳಿಯ ಇನ್ನೊಂದು ತುದಿಗೆ ಒಂದು ಲ್ಯಾಬ್ರಡಾರ್ ಮರಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ತೊಯ್ದ ಡಾಂಬರು ರಸ್ತೆಯ ಮೇಲೆ, ನಾಲಿಗೆ ಹೊರಚಾಚಿಕೊಂಡು ಅದು ಓಡುತ್ತಿತ್ತು. ಓಡುತ್ತಿತ್ತು ಅಂದರೆ ತಪ್ಪಾದೀತು. ಗಾಡಿ ಅದನ್ನು ಎಳೆದುಕೊಂಡು ಹೋಗುತ್ತಿತ್ತು.

ಒಂದು ದಿನ ತಡೆದು ನಿಲ್ಲಿಸಿದೆ.

“ತಮ್ಮಾ, ಇದಕ್ಕ ಎಷ್ಟು ತಿಂಗಳಾದ್ವು?”

“ಐದು ತುಂಬ್ಯಾವ್ರಿ ಅಕ್ಕೋರ.”

“ಎಷ್ಟು ದೂರ ಓಡಸ್ತಿ?”

“ಭಾಳ ಏನಿಲ್ರಿ, ಮೂರು ಕಿಲೋಮೀಟರ್. ಸ್ಟ್ಯಾಮಿನಾ ಬರಬೇಕಲ್ರಿ.”

ಅಷ್ಟರಲ್ಲಿ ಅವನ ತಂದೆ ಗೇಟಿಗೆ ಬಂದರು. ನನ್ನ ಮಾತು ಕೇಳಿ ನಕ್ಕರು. “ಅಕ್ಕೋರ, ಗಿಡ ಇದ್ದಾಗ ಬಗ್ಗದ್ದು ಮರ ಆದಮ್ಯಾಲೆ ಬಗ್ಗತದೇನ್ರಿ? ಈಗ ಓಡಿಸಿದ್ರನ ಮೈಕಟ್ಟು ಬರತದ. ನೀವು ಕನ್ನಡ ಕಲಸವ್ರು, ನಾಯಿ ವಿಷಯ ನಮಗ ಬಿಡ್ರಿ.”

ನಿಜ, ನಾನು ಬಿ.ಎ., ಬಿ.ಎಡ್. ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುವವಳು. ಪಶುವೈದ್ಯಳಲ್ಲ. ಆದರೆ ಮೂವತ್ತು ವರ್ಷ ಎಳೆಯ ಜೀವಗಳ ಜೊತೆ ಕಳೆದವಳು. ಬಗ್ಗಿಸುವುದಕ್ಕೂ ಮುರಿಯುವುದಕ್ಕೂ ಇರುವ ವ್ಯತ್ಯಾಸ ನನಗೆ ಅಷ್ಟಿಷ್ಟು ತಿಳಿದಿದೆ. ಅದಕ್ಕೇ ಆ ದಿನ ಗೇಟಿನ ಮುಂದೆ ಆಡದೆ ನುಂಗಿಕೊಂಡ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಓದುವವರಲ್ಲಿ ಕೆಲವರಿಗಾದರೂ ಸಿಟ್ಟು ಬಂದೀತು. ಬರಲಿ.

ನಾಯಿಮರಿ ಸಾಕುವ ನಮ್ಮ ಮಂದಿ ಮಾಡುವ ತಪ್ಪು ಮೂಲದಲ್ಲಿ ಒಂದೇ. ಕಾಯಬೇಕಾದ ವಿಷಯದಲ್ಲಿ ಅವಸರ ಮಾಡುತ್ತೇವೆ. ಅವಸರ ಮಾಡಬೇಕಾದ ವಿಷಯದಲ್ಲಿ ಕಾಯುತ್ತ ಕೂಡುತ್ತೇವೆ. ಮರಿಯನ್ನು ಓಡಿಸಲು, ಹಾರಿಸಲು, ದಪ್ಪ ಮಾಡಲು ನಮಗೆ ಒಂದು ದಿನವೂ ತಡೆಯುವುದಿಲ್ಲ. ಅದೇ ಸೂಜಿ ಮಾಡಿಸಲು, ಜಂತಿನ ಔಷಧ ಕೊಡಿಸಲು ಬರುವ ತಿಂಗಳು ನೋಡೋಣ ಅನ್ನುತ್ತೇವೆ. ಮರಿಯ ದೇಹ ಬೆಳೆಯುವುದಕ್ಕೆ ಅದರದೇ ಒಂದು ವೇಳಾಪಟ್ಟಿ ಇದೆ. ಅದನ್ನು ನಮ್ಮ ಬಡಾಯಿಗಾಗಿ ಹಿಂದೆ ಮುಂದೆ ಮಾಡಲು ಬರುವುದಿಲ್ಲ.

ಮೊದಲು ಅವಸರದ ಮಾತು. ಮರಿಯ ಕಾಲಿನ ಉದ್ದ ಮೂಳೆಗಳ ತುದಿಯ ಹತ್ತಿರ ಇನ್ನೂ ಮೂಳೆಯಾಗದ ಮೃದ್ವಸ್ಥಿಯ ಒಂದು ತೆಳುವಾದ ಪದರ ಇರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದ. ಸಣ್ಣ ಜಾತಿಯ ನಾಯಿಗಳಲ್ಲಿ ಅದು ಸುಮಾರು 8ರಿಂದ 10 ತಿಂಗಳಿಗೆ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ಜಾತಿಗಳಲ್ಲಿ ವರ್ಷ ದಾಟಿ ಒಂದೂವರೆ ವರ್ಷದವರೆಗೂ ಹೋಗಬಹುದು. ಅಲ್ಲಿಯವರೆಗೆ ಆ ಜಾಗ ಇಡೀ ಮೂಳೆಯಲ್ಲೇ ದುರ್ಬಲ. ಅಲ್ಲಿ ಪೆಟ್ಟಾದರೆ ಕಾಲು ಗಿಡ್ಡವಾಗಬಹುದು, ಸೊಟ್ಟ ಬೆಳೆಯಬಹುದು. ಹೊರಗೆ ನೋಡುವವರಿಗೆ ಐದು ತಿಂಗಳ ಲ್ಯಾಬ್ರಡಾರ್ ದೊಡ್ಡ ನಾಯಿಯಂತೆಯೇ ಕಾಣುತ್ತದೆ. ಏಳನೆಯ ತರಗತಿಯಲ್ಲೇ ಅಪ್ಪನ ಭುಜಕ್ಕೆ ಬರುವ ಹುಡುಗರು ಇರುತ್ತಾರಲ್ಲ, ಹಾಗೆ. ಎತ್ತರ ನೋಡಿ ಅವನ ಬೆನ್ನ ಮೇಲೆ ಅಕ್ಕಿ ಚೀಲ ಹೊರಿಸುತ್ತೇವೆಯೇ?

“ಹಿಂದಿನವರ ನಾಯಿ ದಿನವಿಡೀ ಹೊಲದಾಗ ಓಡತಿದ್ವಲ್ರಿ” ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ನಮ್ಮ ಅಜ್ಜನ ಹೊಲದಲ್ಲೂ ನಾಯಿಮರಿಗಳಿದ್ದವು. ಅವು ಎರೆಮಣ್ಣಿನಲ್ಲಿ ಉರುಳಾಡುತ್ತಿದ್ದವು, ಒಂದರ ಬಾಲ ಒಂದು ಕಚ್ಚಿ ಓಡುತ್ತಿದ್ದವು. ದಣಿದ ಕೂಡಲೇ ಚಕ್ಕಡಿಯ ಕೆಳಗೆ ನೆರಳಿಗೆ ಬಿದ್ದುಕೊಂಡು ನಿದ್ದೆ ಹೋಗುತ್ತಿದ್ದವು. ಎಷ್ಟು ಓಡಬೇಕು, ಯಾವಾಗ ನಿಲ್ಲಬೇಕು ಎಂದು ಗೊತ್ತು ಮಾಡುವುದು ಮರಿಯೇ ಆಗಿತ್ತು. ಮೋಟರ್ ಸೈಕಲ್ಲಿಗೆ ಕಟ್ಟಿದ ಮರಿಗೆ ಆ ಅಧಿಕಾರವಿಲ್ಲ. ಅದು ನಿಂತರೆ ಸರಪಳಿ ಕುತ್ತಿಗೆಗೆ ಬಿಗಿಯುತ್ತದೆ.

ನಮ್ಮ ಅಜ್ಜನ ಹೊಲದ ರೀತಿಯನ್ನು ನಾರ್ವೆ ದೇಶದ ಪಶುವೈದ್ಯರು ಅಳೆದು ನೋಡಿದ್ದಾರೆ. ಲ್ಯಾಬ್ರಡಾರ್ ಸೇರಿ ನಾಲ್ಕು ದೊಡ್ಡ ಜಾತಿಗಳ ಸುಮಾರು 500 ನಾಯಿಗಳನ್ನು ಹುಟ್ಟಿನಿಂದ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಮೂರು ತಿಂಗಳೊಳಗೆ ದಿನವೂ ಮೆಟ್ಟಿಲು ಹತ್ತಿ ಇಳಿದ ಮರಿಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂಡದ ತೊಂದರೆ ಹೆಚ್ಚು ಕಂಡಿತು. ಮೆತ್ತನೆಯ, ತಗ್ಗು ದಿನ್ನೆಯ ನೆಲದಲ್ಲಿ ಬಿಚ್ಚುಗಾಲಲ್ಲಿ ಆಡಿದ ಮರಿಗಳಲ್ಲಿ, ಹೊಲಮನೆಗಳಲ್ಲಿ ಹುಟ್ಟಿದ ಮರಿಗಳಲ್ಲಿ ಅದು ಕಡಿಮೆ ಇತ್ತು. ಈ ತೊಂದರೆಗೆ ತಾಯಿ ತಂದೆಯಿಂದ ಬಂದ ಗುಣವೂ ಕಾರಣ, ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಬಂದ ಗುಣವನ್ನು ನಾವು ಬದಲಿಸಲಾರೆವು. ನೆಲವನ್ನು, ಮೆಟ್ಟಿಲನ್ನು, ಅನ್ನದ ಅಳತೆಯನ್ನು ಬದಲಿಸಬಲ್ಲೆವು.

ಇಷ್ಟು ಹೇಳಿದ ಕೂಡಲೇ ಕೆಲವರು ಇನ್ನೊಂದು ತುದಿಗೆ ಜಿಗಿಯುತ್ತಾರೆ. “ಹಂಗಾದ್ರ ಕಟ್ಟೇ ಹಾಕತೀವ್ರಿ.” ಗಚ್ಚಿನ ಮೇಲೆ ಮೂರು ಮೊಳದ ಸರಪಳಿ, ಬಿಸಿಲಿಗೆ ಒಂದು ತಗಡು, ಮಗುಚಿ ಬಿದ್ದ ನೀರಿನ ಡಬ್ಬಿ. ನಮ್ಮ ಭಾಗದಲ್ಲಿ ಮುಧೋಳ ನಾಯಿಯ ಮರಿ ತಂದು ಹೀಗೆ ಕಟ್ಟುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. 2005ರಲ್ಲಿ ಅಂಚೆ ಇಲಾಖೆ ದೇಶಿ ನಾಯಿಗಳ ಚೀಟಿ ತಂದಾಗ ಮುಧೋಳ ನಾಯಿಗೂ ಅದರಲ್ಲಿ ಜಾಗ ಸಿಕ್ಕಿತ್ತು. ನಮ್ಮ ಬಾಗಲಕೋಟೆ ಸೀಮೆಯ ಹೆಮ್ಮೆ ಎನ್ನುತ್ತೇವೆ, ಬಯಲಲ್ಲಿ ಓಡಲೆಂದೇ ಹುಟ್ಟಿದ ಆ ಜೀವವನ್ನು ಗಚ್ಚಿನ ಕಂಬಕ್ಕೆ ಬಿಗಿಯುತ್ತೇವೆ. ಎಂಥ ಹೆಮ್ಮೆ!

ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಒಂದು ಮಾತು ನೆನಪಿಸುತ್ತೇನೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಲ್ಲಿ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದು ಹಿಂಸೆ ಎಂದು ಸ್ಪಷ್ಟವಾಗಿ ಬರೆದಿದೆ. ತೀರ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದೂ ಹಿಂಸೆಯೇ. ಆದರೆ ಮೊದಲ ತಪ್ಪಿಗೆ ಅಲ್ಲಿ ಹೇಳಿದ ದಂಡ 10ರಿಂದ 50 ರೂಪಾಯಿ. ಇವತ್ತು ಆ ದುಡ್ಡಿಗೆ ಎರಡು ಪ್ಲೇಟು ಮಿರ್ಚಿ ಭಜಿ ಬಂದರೆ ಹೆಚ್ಚು. ಕಾನೂನಿಗೆ ಹೆದರಿ ಯಾರೂ ತಿದ್ದಿಕೊಳ್ಳುವುದಿಲ್ಲ ಎಂದು ಗೊತ್ತು. ನಾಚಿಕೆಗಾದರೂ ತಿದ್ದಿಕೊಳ್ಳಬೇಕು.

ಹಾಗಾದರೆ ಎಷ್ಟು ಆಡಿಸಬೇಕು? ಎರಡು ಮೂರು ತಿಂಗಳ ಮರಿಗೆ ಅಂಗಳವೇ ಸಾಕು. ದಿನಕ್ಕೆ ನಾಲ್ಕಾರು ಸಲ, ಒಮ್ಮೆಗೆ ಐದು ಹತ್ತು ನಿಮಿಷದ ಆಟ. ಉಳಿದ ಹೊತ್ತು ಅದು ನಿದ್ದೆ ಮಾಡುತ್ತದೆ, ದಿನಕ್ಕೆ 18 ತಾಸಿನವರೆಗೂ ಮಾಡೀತು. ಎಬ್ಬಿಸಬೇಡಿ. ಮುಂದೆ ಹಗ್ಗ ಹಿಡಿದು ನಡೆಸುವಾಗ ತಿಂಗಳಿಗೆ ಐದು ನಿಮಿಷದಂತೆ ಲೆಕ್ಕ ಹಾಕಿ ಎಂದು ನಾಯಿ ಸಾಕಿದವರು ಹೇಳುತ್ತಾರೆ. ನಾಲ್ಕು ತಿಂಗಳಿಗೆ 20 ನಿಮಿಷ. ಇದು ಪ್ರಯೋಗಶಾಲೆಯ ಸೂತ್ರವಲ್ಲ, ಒಂದು ಅಂದಾಜು. ಇದಕ್ಕಿಂತ ದೊಡ್ಡ ಸೂತ್ರ ಮರಿಯ ಮುಖದಲ್ಲೇ ಇದೆ. ಹಿಂದೆ ಬಿದ್ದರೆ, ಕುಳಿತರೆ, ಕಾಲು ಎಳೆದರೆ ಅಲ್ಲಿಗೆ ಮುಗಿಯಿತು. ಎತ್ತಿಕೊಂಡು ಮನೆಗೆ ಬನ್ನಿ. ಚೆಂಡಿಗಾಗಿ ಮೇಲೆ ಹಾರಿಸುವುದು, ಕಟ್ಟೆಯಿಂದ ಜಿಗಿಸುವುದು ಬೇಡ. ಈಗ ಎಲ್ಲರ ಮನೆಯಲ್ಲೂ ಕನ್ನಡಿಯಂಥ ಟೈಲ್ಸು. ಅದರ ಮೇಲೆ ಮರಿಯ ಹಿಂಗಾಲು ಎರಡು ಕಡೆ ಜಾರುತ್ತವೆ, ನಾವು ಕುಣಿಯಿತು ಎಂದು ನಗುತ್ತೇವೆ. ಅದು ಓಡಾಡುವ ಕಡೆ ಒಂದು ಹಳೆಯ ಕೌದಿ ಹಾಸಿದರೆ ನಿಮ್ಮ ಗಂಟೇನು ಹೋಗುತ್ತದೆ?

ಬಿಸಿಲಿನ ಮಾತೂ ಇದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ; ಏದುಸಿರಿನಿಂದಲೇ ಅದು ಮೈ ತಣಿಸಿಕೊಳ್ಳಬೇಕು. ಏಪ್ರಿಲ್ ತಿಂಗಳಲ್ಲಿ ನಡುಹಗಲು ಡಾಂಬರಿನ ಮೇಲೆ ನಿಮ್ಮ ಮುಂಗೈಯ ಹಿಂಭಾಗವನ್ನು ಏಳು ಎಣಿಸುವವರೆಗೆ ಇಟ್ಟು ನೋಡಿ. ನಿಮಗೆ ತಡೆಯದಿದ್ದರೆ ಮರಿಯ ಅಂಗಾಲಿಗೂ ತಡೆಯದು. ಹಿಮದ ನಾಡಿನ ಹಸ್ಕಿ ಮರಿಯನ್ನು ನಮ್ಮ ಬಯಲುಸೀಮೆಗೆ ತಂದವರಿಗೆ ನಾನು ಏನೂ ಹೇಳಲಾರೆ. ಅವರಿಗೆ ಹೇಳಬೇಕಾದ್ದನ್ನು ಅಚ್ಚು ಹಾಕಲು ಬರುವುದಿಲ್ಲ.

ದಪ್ಪ ಮಾಡುವ ಅವಸರ ಇನ್ನೊಂದು. “ಕ್ಯಾಲ್ಸಿಯಂ ಬಾಟ್ಲಿ ಹಾಕ್ರಿ, ಮೂಳಿ ಗಟ್ಟಿ ಆಗತಾವು” ಎಂದು ಒಬ್ಬರು ಹೇಳಿದರೆ ಹತ್ತು ಮಂದಿ ಹಾಕುತ್ತಾರೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳಿಗೆ ಅತಿಯಾಗಿ ಕ್ಯಾಲ್ಸಿಯಂ ಕೊಟ್ಟು ನೋಡಿದರು. ಮೂಳೆಗಳು ಸರಿಯಾಗಿ ಬೆಳೆಯದೆ ಕೆಟ್ಟವು. ದೊಡ್ಡ ಜಾತಿಯ ಎಳೆಯ ಮರಿಗೆ ಹೆಚ್ಚಾದ ಕ್ಯಾಲ್ಸಿಯಂ ಬೇಡವೆಂದು ತಡೆಯುವ ಶಕ್ತಿ ಕರುಳಿಗೆ ಇನ್ನೂ ಬಂದಿರುವುದಿಲ್ಲ. ಹಾಗೆಂದು ಬರೀ ಅನ್ನ ಮೊಸರು, ಅಥವಾ ಬರೀ ಮಾಂಸ ಹಾಕಿದರೂ ಮೂಳೆ ಮೆತ್ತಗಾಗುತ್ತದೆ. ಮರಿಗೆಂದೇ ತಯಾರಿಸಿದ ಸಮತೋಲದ ಆಹಾರ ಹಾಕಿ. ಮನೆಯ ಅಡುಗೆಯೇ ಹಾಕುವುದಾದರೆ ವೈದ್ಯರನ್ನು ಕೇಳಿ ಅಳತೆ ಮಾಡಿಕೊಳ್ಳಿ. ಬಾಟ್ಲಿಯನ್ನು ಅವರು ಬರೆದುಕೊಟ್ಟರೆ ಮಾತ್ರ ತೆರೆಯಿರಿ.

ಲ್ಯಾಬ್ರಡಾರ್ ಎಷ್ಟು ಹಾಕಿದರೂ ತಿನ್ನುತ್ತದೆ, ಅದು ಅದರ ಸ್ವಭಾವ. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಆಹಾರ ಹಾಕಿ ಬದುಕಿನುದ್ದಕ್ಕೂ ನೋಡಿದ ಅಧ್ಯಯನವೊಂದು ಅಮೆರಿಕದಲ್ಲಿ ನಡೆಯಿತು. 2002ರಲ್ಲಿ ಫಲಿತಾಂಶ ಬಂತು. ಮಿತವಾಗಿ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಅವುಗಳ ಕೀಲುಗಳೂ ತಡವಾಗಿ ಸವೆದವು. ಗುಂಡುಗುಂಡಗಿನ ಮರಿ ಫೋಟೋಕ್ಕೆ ಚೆಂದ. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಹತ್ತಬೇಕು, ಅದು ಆರೋಗ್ಯ.

ಇಲ್ಲಿಯವರೆಗೆ ಮಂದಿಯ ತಪ್ಪು ಹೇಳಿದೆ. ಈಗ ನನ್ನದನ್ನು ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ.

2011ರ ಫೆಬ್ರವರಿಯಲ್ಲಿ ನನ್ನ ಮಗಳು ಗಟಾರದ ಪಕ್ಕದಿಂದ ಒಂದು ಕಂದು ಮರಿಯನ್ನು ಲಂಗದಲ್ಲಿ ಮುಚ್ಚಿಕೊಂಡು ತಂದಳು. ಚಿನ್ನಿ ಎಂದು ಹೆಸರಿಟ್ಟಳು. ಎರಡು ತಿಂಗಳಿನ ಒಳಗಿನ ಮರಿ. ದನದ ದವಾಖಾನಿ ನಮ್ಮ ಮನೆಯಿಂದ ಎರಡು ಫರ್ಲಾಂಗು ಕೂಡ ಇಲ್ಲ. “ಅವ್ವಾ, ಸೂಜಿ ಮಾಡಿಸಬೇಕಂತ” ಎಂದು ಮಗಳು ಮೂರು ಸಲ ಹೇಳಿದಳು. ಮಾರ್ಚ್ ತಿಂಗಳು, ಪರೀಕ್ಷೆಯ ಗಡಿಬಿಡಿ. “ಪರೀಕ್ಷಾ ಮುಗೀಲಿ, ಮನ್ಯಾಗನ ಇರೂದು ಅದು, ಅದಕ್ಕೇನಾಗತದ?” ಎಂದೆ. ಮಾರ್ಚ್ ಕೊನೆಯ ವಾರ ಅದು ಅನ್ನ ಬಿಟ್ಟಿತು. ಮರುದಿನ ವಾಂತಿ, ಆಮೇಲೆ ರಕ್ತ ಕೂಡಿದ ಭೇದಿ. ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಡಾಕ್ಟರರು ಸಲೈನ್ ಹಚ್ಚಿದರು. ಮುಖ ನೋಡದೆ ಅಂದರು, “ಪಾರ್ವೋ ಅದರಿ ಬಾಯಾರ. ಎರಡು ವಾರ ಮೊದಲ ಬರಬೇಕಿತ್ತು.” ನಾಲ್ಕನೆಯ ದಿನ ನಸುಕಿನಲ್ಲಿ ಚಿನ್ನಿ ಸತ್ತಿತು. ಮಗಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಕಲಿತದ್ದು ಇಷ್ಟು. ಪಾರ್ವೋ ವೈರಾಣು 1978ರಲ್ಲಿ ಗುರುತಿಗೆ ಬಂದದ್ದು. ಅದು ಮನೆಯಲ್ಲೇ ಇರುವ ಮರಿಯನ್ನೂ ಹುಡುಕಿಕೊಂಡು ಬರುತ್ತದೆ, ಏಕೆಂದರೆ ನಮ್ಮ ಚಪ್ಪಲಿಗೆ ಅಂಟಿ ಒಳಗೆ ಬರುತ್ತದೆ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಸಾಮಾನ್ಯ ಸಾಬೂನಿಗೆ ಸಾಯುವುದಿಲ್ಲ, ಬ್ಲೀಚಿಂಗ್ ದ್ರಾವಣ ಬೇಕು. ಲಸಿಕೆಯನ್ನು 6ರಿಂದ 8 ವಾರಕ್ಕೆ ಸುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಹಾಕಿಸಬೇಕು. “ಒಂದು ಹಾಕಿಸೀವಲ್ಲ, ಮತ್ಯಾಕ?” ಎಂದು ಕೇಳುವವರಿಗೆ ಉತ್ತರ ಇದೆ. ತಾಯಿಯಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಕೆಲವು ವಾರ ಇರುತ್ತದೆ. ಅದು ಇರುವವರೆಗೆ ಲಸಿಕೆಯ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಅದು ಯಾವ ದಿನ ಮುಗಿಯುತ್ತದೆ ಎಂದು ಒಂದೊಂದು ಮರಿಗೆ ಒಂದೊಂದು ಲೆಕ್ಕ. ಆದ್ದರಿಂದ ಮತ್ತೆ ಮತ್ತೆ ಹಾಕಿಸಬೇಕು. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದ ದಿನಕ್ಕೆ. ಜಂತಿನ ಔಷಧ ಎರಡನೆಯ ವಾರದಿಂದಲೇ ಸುರುವಾಗಬೇಕು, ಏಕೆಂದರೆ ಆ ಹುಳುಗಳು ಅಂಗಳದಲ್ಲಿ ಆಡುವ ನಮ್ಮ ಕೂಸುಗಳಿಗೂ ಹತ್ತುತ್ತವೆ. ಉಣ್ಣೆಗಳನ್ನು ಕಿವಿಯ ಮಡಿಕೆ, ಬೆರಳ ಸಂದಿ ತೆರೆದು ದಿನವೂ ನೋಡಬೇಕು. ಅವು ತರುವ ಜ್ವರ ದೊಡ್ಡ ನಾಯಿಯನ್ನೂ ಮಲಗಿಸುತ್ತದೆ. ಮರಿ ಕುಂಟಿದರೆ ನಮ್ಮ ಡಬ್ಬಿಯ ನೋವಿನ ಮಾತ್ರೆ ಮುರಿದು ಹಾಕುವ ಕೆಟ್ಟ ರೂಢಿ ಬಿಡಬೇಕು. ನಮಗೆ ಔಷಧವಾದದ್ದು ಅದಕ್ಕೆ ವಿಷವಾಗಬಹುದು.

“ಬೀದಿ ನಾಯಿಗೆ ಯಾರು ಸೂಜಿ ಮಾಡಸ್ತಾರ? ಅವೇನು ಬದುಕಿಲ್ಲೇನು?” ಇದು ನಾನು ಅತಿ ಹೆಚ್ಚು ಸಲ ಕೇಳಿದ ವಾದ. ನೀವು ನೋಡುತ್ತಿರುವುದು ಉಳಿದವುಗಳನ್ನು ಮಾತ್ರ. ಪಶ್ಚಿಮ ಬಂಗಾಳದಲ್ಲಿ ಬೀದಿ ನಾಯಿಗಳ 364 ಮರಿಗಳನ್ನು ಗಮನಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮರಿ ಹಾಕುವ ವಯಸ್ಸಿನವರೆಗೆ ಉಳಿದದ್ದು ನೂರಕ್ಕೆ ಸುಮಾರು 19. ನನ್ನ ತರಗತಿಯಲ್ಲಿ ನೂರಕ್ಕೆ 19 ಮಕ್ಕಳು ಪಾಸಾದರೆ ನನ್ನನ್ನು ಒಳ್ಳೆಯ ಶಿಕ್ಷಕಿ ಅನ್ನುವಿರಾ?

ಅವಸರ ಎಲ್ಲಿಂದ ಸುರುವಾಗುತ್ತದೆ ಎಂದರೆ ಮರಿ ಕೊಳ್ಳುವಲ್ಲಿಂದಲೇ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದು 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮಗಳಲ್ಲಿದೆ. ಆದರೂ ತಿಂಗಳ ಕೂಸನ್ನು ತಾಯಿಯಿಂದ ಕಿತ್ತು, ಕೊರಳಿಗೆ ರಿಬ್ಬನ್ನು ಕಟ್ಟಿ ಕೊಡುತ್ತಾರೆ. ಹುಟ್ಟುಹಬ್ಬಕ್ಕೆ ಉಡುಗೊರೆ ಎಂದು ನಾವು ತರುತ್ತೇವೆ. ಕೊಳ್ಳುವವರು ಬೇಡ ಅಂದರೆ ಮಾರುವವರು ಎಷ್ಟು ದಿನ ಮಾರಿಯಾರು?

ಓಣಿಯ ಲ್ಯಾಬ್ರಡಾರ್ ಮರಿಯ ಕಥೆ ಮುಗಿಸುತ್ತೇನೆ. ಆ ವರ್ಷ ದೀಪಾವಳಿಯ ಹೊತ್ತಿಗೆ ಅದು ಹಿಂಗಾಲು ಎಳೆಯತೊಡಗಿತು. ಕೂತರೆ ಏಳಲು ಒದ್ದಾಡುತ್ತಿತ್ತು. ಎಕ್ಸ್‌ರೇ ತೆಗೆಸಿದರು. ಸೊಂಟದ ಕೀಲು ಗುಳಿಯಲ್ಲಿ ಸರಿಯಾಗಿ ಕೂತಿಲ್ಲ. ಹುಟ್ಟಿನಿಂದ ಬಂದ ದೋಷವಿದ್ದಿರಬೇಕು, ಆದರೆ ತೂಕ ಮತ್ತು ಓಟ ಅದನ್ನು ಬೇಗ ಹೊರಗೆ ಹಾಕಿವೆ ಎಂದರಂತೆ ವೈದ್ಯರು. ತಂದೆಗೆ ಬೇಸರವಾಯಿತು. ಕುಂಟು ನಾಯಿ ಯಾರಿಗೆ ಬೇಕು, ಬೈಪಾಸಿನ ಧಾಬಾದ ಹತ್ತಿರ ಬಿಟ್ಟು ಬಾ ಎಂದರು. ಹುಡುಗ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ಹದಿನೇಳು ವರ್ಷದ ಹುಡುಗ, ಮೀಸೆ ಬಂದವನು, ಅಳುತ್ತಿದ್ದ. “ನಾನ ಮಾಡಿದ್ನೇನ್ರಿ ಅಕ್ಕೋರ?”

ಹೌದು ಅನ್ನಬೇಕೋ ಅಲ್ಲ ಅನ್ನಬೇಕೋ ನನಗೆ ತಿಳಿಯಲಿಲ್ಲ. ಚಿನ್ನಿಯ ಕಥೆ ಹೇಳಿದೆ. ಅವನು ಮನೆಗೆ ಹೋಗಿ ತಂದೆಯೊಂದಿಗೆ ಜಗಳಾಡಿ ನಾಯಿಯನ್ನು ಉಳಿಸಿಕೊಂಡ. ಈಗ ಅದರ ತೂಕ ಇಳಿಸಿದ್ದಾರೆ, ಔಷಧ ನಡೆದಿದೆ. ನಸುಕಿನಲ್ಲಿ ಮೋಟರ್ ಸೈಕಲ್ಲಿನ ಸಪ್ಪಳವಿಲ್ಲ. ಅವನು ಅದರ ಜೊತೆ ನಡೆಯುತ್ತಾನೆ, ಅದು ನಿಂತಲ್ಲಿ ನಿಲ್ಲುತ್ತಾನೆ. ನಾಯಿ ಈಗಲೂ ಕುಂಟುತ್ತದೆ. ಇನ್ನು ಅದು ಪೂರ್ತಿ ಸರಿಯಾಗುವುದಿಲ್ಲ.

ಅದಕ್ಕೇ ಕೈಮುಗಿದು ಕೇಳುತ್ತೇನೆ, ಬೇಕಾದರೆ ಗದರಿಸಿ ಹೇಳುತ್ತೇನೆ. ಮರಿ ತರುವ ಮೊದಲು ಅಡುಗೆಮನೆಯ ಗೋಡೆಗೆ ತೂಗುವ ಕ್ಯಾಲೆಂಡರ್ ಕೆಳಗಿಳಿಸಿ. ಸೂಜಿಯ ದಿನ, ಜಂತಿನ ಔಷಧದ ದಿನ ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಅದನ್ನು ಓಡಿಸುವ ದಿನವನ್ನು ಈ ವರ್ಷದ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಅದು ಬರುವ ವರ್ಷದ್ದರಲ್ಲಿದೆ. ಅಷ್ಟು ಕಾಯಲು ಆಗದವರು ಮರಿ ತರಬೇಡಿ. ಓಡಿಸುವ ಹುಕಿಯಿದ್ದರೆ ಮೋಟರ್ ಸೈಕಲ್ಲು ಹೇಗೂ ಇದೆ, ಅದನ್ನೇ ಓಡಿಸಿ.